ವೈರಸ್ ಹೋಯ್ತು, ಎರರ್ ಯಾಕೆ ಹೋಗ್ಲಿಲ್ಲ?

ಆಂಟಿವೈರಸ್ ಸ್ಕ್ಯಾನ್ ಮುಗಿಸಿ ‘ಎಲ್ಲಾ ಕ್ಲೀನ್’ ಅಂದಿದೆ. ಸದ್ಯ ಬದುಕಿದೆ ಅಂತ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡ್ತೀರಿ. ಪಾಸ್‌ವರ್ಡ್ ಹಾಕಿದ ಕೂಡಲೇ ಪರದೆಯ ಮೇಲೆ ಪುಟ್ಟದೊಂದು ಚೌಕ. ತಲೆಬರಹ ‘ರನ್‌ಡಿಎಲ್‌ಎಲ್’. ಕೆಳಗೆ, ಯಾವುದೋ ಫೈಲ್ ಸಿಗುತ್ತಿಲ್ಲ ಎಂಬ ದೂರು. ಓಕೆ ಒತ್ತಿದರೆ ಹೋಗುತ್ತೆ, ಮರುದಿನ ಮತ್ತೆ ಹಾಜರ್!

ಐಟಿ ಸಪೋರ್ಟ್ ಕೆಲಸದಲ್ಲಿರುವ ನನಗೆ ಬಂಧುಬಳಗದಿಂದ ಬರುವ ಫೋನ್‌ಗಳಲ್ಲಿ ಇಂಥವು ಬಹಳ. ಹೋದ ವರ್ಷ ಹಾಸನದಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಆಡಿಟರ್ ಆಫೀಸಿನಲ್ಲಿ ಅವಳ ಕೆಲಸ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಿಂದ ವೈರಸ್ ಹತ್ತಿತ್ತು. ಅದನ್ನು ತೆಗೆದ ಮೇಲೂ ಈ ಚೌಕ ಬರುತ್ತಿತ್ತು. “ಅಣ್ಣಾ, ರಿಪೇರಿಯವರು ಫಾರ್ಮ್ಯಾಟ್ ಮಾಡ್ಲೇಬೇಕು ಅಂತಿದ್ದಾರೆ. ಮೂರು ವರ್ಷದ ಲೆಕ್ಕ ಎಲ್ಲ ಇದರಲ್ಲೇ ಇದೆ, ಬ್ಯಾಕಪ್ ಇಲ್ಲ” ಅಂದಳು. ಧ್ವನಿ ನಡುಗುತ್ತಿತ್ತು.

“ಯಾರ ಕೈಗೂ ಕೊಡ್ಬೇಡ, ಮೊದಲು ಆ ಚೌಕದ ಫೋಟೋ ಕಳಿಸು” ಅಂದೆ.

ಇಲ್ಲಿ ನಡೆಯುವುದು ಇಷ್ಟೇ. ವೈರಸ್ ತನ್ನ ಫೈಲನ್ನು ಎಲ್ಲೋ ಬಚ್ಚಿಡುತ್ತೆ. ಜೊತೆಗೆ, ಕಂಪ್ಯೂಟರ್ ಶುರುವಾದಾಗ ಯಾರ‍್ಯಾರನ್ನು ಎಬ್ಬಿಸಬೇಕು ಎಂಬ ವಿಂಡೋಸ್ ಪಟ್ಟಿಯಲ್ಲಿ ತನ್ನ ಹೆಸರನ್ನೂ ಸೇರಿಸುತ್ತೆ. ಆಂಟಿವೈರಸ್ ಫೈಲನ್ನು ಅಳಿಸುತ್ತೆ, ಕೆಲವೊಮ್ಮೆ ಪಟ್ಟಿಯಲ್ಲಿನ ಹೆಸರು ಹಾಗೇ ಉಳಿಯುತ್ತೆ. ಬಾಡಿಗೆಯವರು ಮನೆ ಖಾಲಿ ಮಾಡಿ ಹೋದಮೇಲೂ ಹಾಲಿನವನು ದಿನಾ ಬಂದು ಬೆಲ್ ಹೊಡೆದ ಹಾಗೆ! ಅಂದರೆ, ಈ ಎರರ್ ಹೆಚ್ಚಾಗಿ ವೈರಸ್ ಫೈಲ್ ಹೋಗಿದೆ ಎಂಬುದರ ಗುರುತು.

ಸರಿಪಡಿಸುವ ಕ್ರಮ ಹೀಗಿದೆ:

1. ಮೊದಲು ಬೇಕಾದ ಡಾಕ್ಯುಮೆಂಟ್, ಫೋಟೋಗಳನ್ನು ಬೇರೆಡೆ ಕಾಪಿ ಮಾಡಿ. ಡೌನ್‌ಲೋಡ್ ಮಾಡಿದ ಪ್ರೋಗ್ರಾಂಗಳು ಬೇಡ.

2. ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಆರಿಸಿ. ವಿಂಡೋಸ್ ಪೂರ್ತಿ ಏಳುವ ಮೊದಲೇ ಇದು ಹುಡುಕುವುದರಿಂದ ಅಡಗಿದ್ದೂ ಸಿಗುತ್ತೆ. ಸುಮಾರು 15 ನಿಮಿಷ ಸಾಕು. ಪ್ರತಿ ಸಲವೂ ಎರರ್‌ನಲ್ಲಿ ಫೈಲಿನ ಹೆಸರು ಬದಲಾಗುತ್ತಿದ್ದರೆ ವೈರಸ್ ಇನ್ನೂ ಒಳಗೇ ಇದೆ ಅಂತ ಅನುಮಾನಿಸಿ. ಆಗ ಮುಂದಿನ ಹಂತಕ್ಕೆ ಹೋಗಬೇಡಿ.

3. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಅದರ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಎರರ್‌ನಲ್ಲಿದ್ದ ಹೆಸರು ಸಿಕ್ಕರೆ ರೈಟ್ ಕ್ಲಿಕ್ ಮಾಡಿ ‘ಡಿಸೇಬಲ್’ ಕೊಡಿ.

4. ಅಲ್ಲಿ ಕಾಣದಿದ್ದರೆ ‘ಆಟೋರನ್ಸ್’ ಬಳಸಿ. ಸಿಸ್‌ಇಂಟರ್ನಲ್ಸ್‌ನವರ ಉಚಿತ ಟೂಲ್ ಇದು. 2006ರಲ್ಲಿ ಆ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಂಡಿತು. ಹಾಗಾಗಿ ಮೈಕ್ರೋಸಾಫ್ಟ್ ಸೈಟಿನಿಂದಲೇ ಇಳಿಸಿಕೊಳ್ಳಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ, ಫೈಲ್ ಇಲ್ಲದ ಸಾಲುಗಳು ಹಳದಿ ಬಣ್ಣದಲ್ಲಿ ಕಾಣುತ್ತವೆ. ‘ಲಾಗಾನ್’ ಮತ್ತು ‘ಷೆಡ್ಯೂಲ್ಡ್ ಟಾಸ್ಕ್ಸ್’ ವಿಭಾಗಗಳಲ್ಲಿ ಎರರ್‌ನಲ್ಲಿದ್ದ ಹೆಸರನ್ನೇ ಹುಡುಕಿ, ಮುಂದಿನ ಟಿಕ್ ತೆಗೆಯಿರಿ. ತಕ್ಷಣ ಡಿಲೀಟ್ ಬೇಡ. ರೀಸ್ಟಾರ್ಟ್ ಮಾಡಿ, ಎಲ್ಲ ಸರಿ ಇದ್ದರೆ ಆಮೇಲೆ ಅಳಿಸಿ. ಹಳದಿ ಇದ್ದದ್ದೆಲ್ಲ ವೈರಸ್ ಅಲ್ಲ. ಎಂದೋ ತೆಗೆದುಹಾಕಿದ ಪ್ರಿಂಟರ್ ಸಾಫ್ಟ್‌ವೇರ್‌ನ ಉಳಿಕೆಯೂ ಇರಬಹುದು.

5. ಕೊನೆಗೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಎಸ್‌ಎಫ್‌ಸಿ’, ಒಂದು ಸ್ಪೇಸ್, ಸ್ಲ್ಯಾಷ್, ‘ಸ್ಕ್ಯಾನ್‌ನೌ’ ಟೈಪ್ ಮಾಡಿ. ಹಾಳಾದ ವಿಂಡೋಸ್ ಫೈಲುಗಳನ್ನು ಅದು ಪರೀಕ್ಷಿಸಿ ಸರಿಪಡಿಸುತ್ತೆ.

ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಸಿಕ್ಕಿದ್ದು ಷೆಡ್ಯೂಲ್ಡ್ ಟಾಸ್ಕ್‌ನ ಒಂದೇ ಒಂದು ಸಾಲು. ಟಿಕ್ ತೆಗೆದ ಮೇಲೆ ಚೌಕ ಬರಲಿಲ್ಲ, ಲೆಕ್ಕದ ಫೈಲುಗಳಿಗೆ ಏನೂ ಆಗಲಿಲ್ಲ. ಅವತ್ತೇ ಸಂಜೆ ಅವಳು ಒಂದು ಹಾರ್ಡ್ ಡಿಸ್ಕ್ ತಂದು ಬ್ಯಾಕಪ್ ಶುರು ಮಾಡಿದಳು.

ಮಾಡಬಾರದ್ದು ಕೆಲವಿವೆ. ‘ಕಾಣೆಯಾದ ಡಿಎಲ್‌ಎಲ್ ಇಲ್ಲಿ ಸಿಗುತ್ತೆ’ ಎನ್ನುವ ಸೈಟುಗಳಿಂದ ಆ ಫೈಲ್ ಇಳಿಸಬೇಡಿ. ಹೊರಗೆ ಹಾಕಿದ ವೈರಸ್ಸನ್ನೇ ಮತ್ತೆ ಮನೆಗೆ ಕರೆದಂತಾಗುತ್ತೆ. ರನ್‌ಡಿಎಲ್‌ಎಲ್ ಎಂಬುದು ವಿಂಡೋಸ್‌ನದೇ ಪ್ರೋಗ್ರಾಂ, ಅದನ್ನೇ ಅಳಿಸಬೇಡಿ. ಚೌಕದಲ್ಲಿ ಫೋನ್ ನಂಬರ್ ಇದ್ದರೆ ಅದು ಮೋಸವೇ. ಮೈಕ್ರೋಸಾಫ್ಟ್‌ನ ಎರರ್‌ಗಳಲ್ಲಿ ನಂಬರ್ ಇರೋದಿಲ್ಲ. ಕರೆ ಮಾಡಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ.

ಕಂಪನಿಯ ಲ್ಯಾಪ್‌ಟಾಪ್ ಆಗಿದ್ದರೆ ಇದ್ಯಾವುದನ್ನೂ ನೀವೇ ಮಾಡ್ಬೇಡಿ, ಐಟಿ ವಿಭಾಗಕ್ಕೆ ಹೇಳಿ. ಸ್ವಂತದ್ದಾದರೆ ಇನ್ನೊಂದು ಕೆಲಸ ಬಾಕಿ ಇದೆ: ವೈರಸ್ ಇದ್ದ ದಿನಗಳಲ್ಲಿ ಅದರಲ್ಲಿ ಬಳಸಿದ ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಫೋನ್‌ನಿಂದ ಇವತ್ತೇ ಬದಲಿಸಿ.