ಆಕಾಶಮಾರ್ಗದ ಕಾವಲುಗಾರರು

ವಿಮಾನವು ಅಪಘಾತಕ್ಕೀಡಾಯಿತೆಂದರೆ ಜನರು ಮೊದಲು ವಿಚಾರಿಸುವುದು ಚಾಲಕನನ್ನು ಕುರಿತು, ಆಮೇಲೆ ಯಂತ್ರವನ್ನು ಕುರಿತು. ನೆಲದ ಮೇಲೆ ಕುಳಿತು ಅದಕ್ಕೆ ದಾರಿ ಹೇಳಿದವರು ಎಷ್ಟು ಮಂದಿ, ಅವರ ಮುಂದೆ ಯಾವ ಸಾಧನಗಳಿದ್ದವು ಎಂದು ಕೇಳತಕ್ಕವರು ವಿರಳ. 1996ನೆಯ ಇಸವಿ ನವೆಂಬರ್ 12ರ ಸಾಯಂಕಾಲ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಒಂದಕ್ಕೊಂದು ಬಡಿದು 349 ಜನರು ಮಡಿದ ದಾರುಣ ಸಂಗತಿಯನ್ನು ವಾಚಕರು ಮರೆತಿರಲಾರರು. ಅದರ ಮರ್ಮವನ್ನರಿಯಬೇಕಾದರೆ ಈ ಕಾವಲುಗಾರರ ಕೆಲಸದ ಹಂಚಿಕೆಯನ್ನು ಅರಿಯುವುದು ಅವಶ್ಯವಾಗಿದೆ.

ಮೊದಲು ಈ ಹಂಚಿಕೆಯೇ ಇರಲಿಲ್ಲ. 1929ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಆರ್ಚೀ ಲೀಗ್ ಎಂಬಾತನು ಕೈಗಾಡಿಯಲ್ಲಿ ಕುರ್ಚಿ, ಕೊಡೆ, ನಿಶಾನೆಗಳನ್ನು ಹಾಕಿಕೊಂಡು ಬಯಲಿಗೆ ಹೋಗುತ್ತಿದ್ದನು. ಚೌಕುಳಿಯ ನಿಶಾನೆಯನ್ನು ತೋರಿದರೆ ಹೊರಡಬೇಕು, ಕೆಂಪು ತೋರಿದರೆ ನಿಲ್ಲಬೇಕು. ಅಷ್ಟೇ ಕಾನೂನು.

ಇಂದು ಬೆಂಗಳೂರಿನಿಂದ ದಿಲ್ಲಿಗೆ ಹೊರಡತಕ್ಕ ವಿಮಾನವು ಕೈಯಿಂದ ಕೈಗೆ ಹೋಗುತ್ತ ಸಾಗುವುದು. ಅದಿನ್ನೂ ನಿಂತಿರುವಾಗಲೇ ಒಬ್ಬ ನಿಯಂತ್ರಕನು ಅದರ ಮಾರ್ಗವನ್ನೂ ಮೊದಲು ಏರಬೇಕಾದ ಎತ್ತರವನ್ನೂ ರೇಡಿಯೋದಲ್ಲಿ ತಿಳಿಸುವನು. ಚಾಲಕನು ಅದನ್ನು ತಪ್ಪಿಲ್ಲದೆ ಮರುನುಡಿಯಬೇಕು. ಪಾಠಶಾಲೆಯಲ್ಲಿ ಗುರುಗಳಿಗೆ ಪಾಠ ಒಪ್ಪಿಸಿದ ನಮ್ಮಂಥವರಿಗೆ ಈ ಪದ್ಧತಿಯು ಹೊಸದೆಂದು ತೋರದು. ನೆಲದ ಮೇಲಿನ ಓಡಾಟವೆಲ್ಲ ಗ್ರೌಂಡ್ ನಿಯಂತ್ರಕನ ಪಾಲಿನದು. ರನ್‌ವೇಯು ಟವರಿನವನದು, ಅವನ ಅಪ್ಪಣೆಯಿಲ್ಲದೆ ವಿಮಾನವಾಗಲಿ ಮೋಟಾರಾಗಲಿ ಅದರ ಮೇಲೆ ಬರುವಂತಿಲ್ಲ. ಹಾರಿದ ಬಳಿಕ ಅದು ಅಪ್ರೋಚ್ ನಿಯಂತ್ರಕನ ವಶವಾಗುವುದು. ಇವನು ಗಾಜಿನ ಗೋಪುರದಲ್ಲಿರದೆ ರೇಡಾರ್ ಪರದೆಯ ಮುಂದೆ ಕುಳಿತು, ಏರತಕ್ಕ ಮತ್ತು ಇಳಿಯತಕ್ಕ ವಿಮಾನಗಳನ್ನು ಬೇರ್ಪಡಿಸುವನು. ದೂರ ಸಾಗಿದ ಮೇಲೆ ಏರಿಯಾ ನಿಯಂತ್ರಕರ ಆಳಿಕೆ. ದೇಶದ ಆಕಾಶವನ್ನು ದಿಲ್ಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ ಎಂದು ನಾಲ್ಕು ದೊಡ್ಡ ಸೀಮೆಗಳಾಗಿ ವಿಂಗಡಿಸಿರುವರು. ಬೆಂಗಳೂರು ಚೆನ್ನೈ ಸೀಮೆಗೆ ಸೇರಿದ್ದು. ಸೀಮೆಯಿಂದ ಸೀಮೆಗೆ ವಿಮಾನವನ್ನು ಒಪ್ಪಿಸಿಕೊಟ್ಟಲ್ಲದೆ ಒಬ್ಬರ ಹೊಣೆಯು ತೀರುವುದಿಲ್ಲ. ಈ ಕಾರ್ಯದಲ್ಲಿ ನಮ್ಮ ಸ್ತ್ರೀಯರೂ ಅನೇಕರಿರುವರೆಂಬುದು ಸಂತೋಷದ ಸಂಗತಿ.

ಇನ್ನು ದಾದ್ರಿಯ ವಿಷಯ. ದಿಲ್ಲಿಯ ಅಪ್ರೋಚ್ ನಿಯಂತ್ರಕನು ಮೇಲೇರುತ್ತಿದ್ದ ಸೌದಿಯ ಬೋಯಿಂಗ್ ವಿಮಾನವನ್ನು 14,000 ಅಡಿಯಲ್ಲಿಯೂ, ಇಳಿಯುತ್ತಿದ್ದ ಕಜಾಕಸ್ತಾನದ ಇಲ್ಯೂಶಿನ್ ವಿಮಾನವನ್ನು 15,000 ಅಡಿಯಲ್ಲಿಯೂ ಇರಹೇಳಿದ್ದನು. ನಡುವೆ 1,000 ಅಡಿಗಳ ಅಂತರ. ನಿಯಮಕ್ಕೆ ಸರಿಯಾಗಿಯೇ ಇತ್ತು. ಎದುರಿನಿಂದ ವಿಮಾನ ಬರುತ್ತಿದೆಯೆಂದು ಎಚ್ಚರಿಕೆಯನ್ನೂ ಕೊಟ್ಟಿದ್ದನು. ಕಜಾಕ್ ವಿಮಾನವು ಅಪ್ಪಣೆಯನ್ನು ಮೀರಿ ಕೆಳಗಿಳಿಯಿತೆಂದು ನ್ಯಾಯಮೂರ್ತಿ ಲಾಹೋಟಿಯವರ ವಿಚಾರಣಾ ಆಯೋಗವು ನಿರ್ಣಯಿಸಿತು. ಆದರೆ ಅದು ಕೆಳಗಿಳಿದುದು ನಿಯಂತ್ರಕನಿಗೆ ಕಾಣುವಂತಿರಲಿಲ್ಲ! ಅಂದಿನ ದಿಲ್ಲಿಯ ರೇಡಾರ್ ದೂರವನ್ನೂ ದಿಕ್ಕನ್ನೂ ತೋರುತ್ತಿತ್ತೇ ಹೊರತು ಎತ್ತರವನ್ನು ತೋರುತ್ತಿರಲಿಲ್ಲ. ಸುತ್ತಲಿನ ಆಕಾಶದ ಬಹುಭಾಗವು ವಾಯುಸೇನೆಗೆ ಮೀಸಲಾದುದರಿಂದ ಹೋಗಲಿಕ್ಕೂ ಬರಲಿಕ್ಕೂ ಒಂದೇ ದಾರಿ. ರೈಲ್ವೆಯ ಒಂಟಿ ಹಳಿಯ ಮೇಲೆ ಟೋಕನ್ನಿನ ಚೆಂಡಿಲ್ಲದೆ ಗಾಡಿ ಬಿಡಲು ಯಾವ ಸ್ಟೇಶನ್ ಮಾಸ್ತರನೂ ಒಪ್ಪನು. ರಾಜಧಾನಿಯ ಆಕಾಶದಲ್ಲಿ ಮಾತಿನ ಭರವಸೆಯೊಂದರ ಮೇಲೆಯೇ ವ್ಯವಹಾರ ಸಾಗಿತ್ತು. ಸ್ಥಾನದಲ್ಲಿ ಮನುಷ್ಯನಿದ್ದನು, ಕರ್ತವ್ಯವನ್ನೂ ಮಾಡಿದನು. ಆ ಕರ್ತವ್ಯಕ್ಕೆ ಬೇಕಾದ ಕಣ್ಣನ್ನು ನಾವು ಅವನಿಗೆ ಕೊಟ್ಟಿರಲಿಲ್ಲ. ಬರುವ ಹೋಗುವ ದಾರಿಗಳನ್ನು ಬೇರೆ ಮಾಡಿದುದು, ಎತ್ತರ ತೋರುವ ರೇಡಾರ್ ಬಂದುದು, ವಿಮಾನದಲ್ಲಿಯೇ ಡಿಕ್ಕಿಯ ಎಚ್ಚರಿಕೆ ಕೊಡುವ ಯಂತ್ರವನ್ನು ಕಡ್ಡಾಯಗೊಳಿಸಿದುದು, ಎಲ್ಲವೂ ಆಮೇಲಿನ ಮಾತು.

ಇಂಥ ಲೋಪವು ನಮ್ಮ ದೇಶಕ್ಕೇ ಮೀಸಲಾದುದೆಂದು ಯಾರೂ ತಿಳಿಯಲಾಗದು. 2002ನೆಯ ಜುಲೈ 1ರ ರಾತ್ರಿ ಸ್ವಿಟ್ಜರ್ಲೆಂಡಿನ ಜೂರಿಕ್ ಕೇಂದ್ರದಲ್ಲಿ ಜೊತೆಗಾರನು ವಿಶ್ರಾಂತಿಗೆ ಹೋಗಲಾಗಿ ಒಬ್ಬನೇ ನಿಯಂತ್ರಕನು ಎರಡು ಸ್ಥಾನಗಳನ್ನು ನೋಡಿಕೊಳ್ಳುತ್ತಿದ್ದನು. ಮುಖ್ಯ ಟೆಲಿಫೋನು ದುರಸ್ತಿಯಲ್ಲಿತ್ತು. ಅಪಾಯವನ್ನು ಕಂಡ ನೆರೆಯ ಜರ್ಮನ್ ಕೇಂದ್ರದವರಿಗೆ ಅವನನ್ನು ಮುಟ್ಟಲಾಗಲಿಲ್ಲ. ಯೂಬರ್ಲಿಂಗೆನ್ನಿನ ಮೇಲೆ ಎರಡು ವಿಮಾನಗಳು ಕೂಡಿ ಬಿದ್ದು 71 ಜನರು ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಹೆಂಡತಿಮಕ್ಕಳನ್ನು ಕಳೆದುಕೊಂಡ ಒಬ್ಬನು 2004ರಲ್ಲಿ ಆ ನಿಯಂತ್ರಕನನ್ನೇ ಕೊಂದನು. ಎರಡು ಕುರ್ಚಿಗಳಿಗೆ ಒಬ್ಬನೇ ಸಾಕೆಂದು ಆ ಪದ್ಧತಿಯನ್ನು ನಡೆಯಗೊಟ್ಟವರು ಮೇಲಿನವರು. ಸೇಡಿಗೆ ಗುರಿಯಾದವನು ಆ ಕುರ್ಚಿಗಳಲ್ಲಿ ಕುಳಿತವನು.

ಬೆಂಗಳೂರಿನಲ್ಲಿ 2019ರಲ್ಲಿ ಎರಡನೆಯ ರನ್‌ವೇ ತೆರೆಯಿತು. 2022ರಲ್ಲಿ ಎರಡನೆಯ ಟರ್ಮಿನಲ್ಲಿನ ಉದ್ಘಾಟನೆಯಾಯಿತು. ಇಂಥ ಸಮಾರಂಭಗಳಲ್ಲಿ ಕಟ್ಟಡದ ಚದರಡಿಗಳನ್ನೂ ಖರ್ಚಾದ ಕೋಟಿಗಳನ್ನೂ ಹೇಳುವುದುಂಟು. ನಿಯಂತ್ರಣದ ಕೋಣೆಯಲ್ಲಿ ಎಷ್ಟು ಸ್ಥಾನಗಳಿವೆ, ರಾತ್ರಿಯ ಪಾಳಿಯಲ್ಲಿ ಅವುಗಳಲ್ಲಿ ಎಷ್ಟು ತುಂಬಿರುತ್ತವೆ, ದಣಿದವನು ಏಳುವಾಗ ಅಲ್ಲಿ ಬಂದು ಕೂಡತಕ್ಕವನು ಸಿದ್ಧನಿರುವನೇ ಎಂಬ ಲೆಕ್ಕವನ್ನೂ ಮಂತ್ರಿಮಹಾಶಯರು ಅದೇ ವೇದಿಕೆಯಿಂದ ಓದಿ ಹೇಳಬೇಕೆಂದು ನಾವು ಕೇಳುತ್ತೇವೆ.