ವರ್ಷಕ್ಕೆ ನಾಲ್ಕೂವರೆ ಸಾವಿರ ಕೋಣೆ

ಹೋಟೆಲಿನಲ್ಲಿ ಎರಡು ರಾತ್ರಿ ತಂಗಿ ಹೋಗುವವರಿಗೆ ಇರುವುದು ಒಂದೇ ಕೋಣೆ, ಒಂದೇ ಬಚ್ಚಲು. ಆ ಕೋಣೆ ಗುಡಿಸಲು ಬರುವ ಹೌಸ್‌ಕೀಪಿಂಗ್‌ ಹೆಂಗಸಿಗೆ ದಿನಕ್ಕೆ ಹದಿನಾಲ್ಕೋ ಹದಿನೈದೋ ಕೋಣೆ. ದೊಡ್ಡ ಹೋಟೆಲುಗಳಲ್ಲಿ ಇದು ಮಾಮೂಲು ಪಾಳಿ. ವಾರದ ರಜೆ, ಹಬ್ಬ ಹರಿದಿನ ಕಳೆದು 300 ದಿನ ಹಿಡಿದರೂ ವರ್ಷಕ್ಕೆ 4,500 ಕೋಣೆ.

ಈಗ ಒಂದು ಬೆರಳಿನ ಲೆಕ್ಕ ನೋಡಿ. ಕಮೋಡು ಉಜ್ಜುವ ಮೊದಲೊಮ್ಮೆ, ಉಜ್ಜಿದ ಮೇಲೊಮ್ಮೆ ಫ್ಲಶ್ ಒತ್ತುವವರಿದ್ದಾರೆ. ಮೊದಲನೆಯದನ್ನು ಬಿಟ್ಟರೆ ಸುಮಾರು ಆರು ಲೀಟರ್ ಉಳಿಯುತ್ತದೆ. ಆರು ಲೀಟರನ್ನು ಯಾರು ಕೇಳುತ್ತಾರೆ? ಆದರೆ 4,500 ಕೋಣೆಗೆ ಅದು 27,000 ಲೀಟರ್. 6,000 ಲೀಟರಿನ ಟ್ಯಾಂಕರುಗಳಲ್ಲಿ ನಾಲ್ಕೂವರೆ.

ವಿದ್ಯುತ್ತಿನದೂ ಇದೇ ಕಥೆ. ಗೋಡೆಯ ಗೂಡಿಗೆ ಕಾರ್ಡು ಸಿಕ್ಕಿಸಿದ ಕೂಡಲೇ ದೀಪ, ಟಿ.ವಿ., ಎ.ಸಿ. ಎಲ್ಲವೂ ಒಟ್ಟಿಗೆ ಎದ್ದು ಕೂರುತ್ತವೆ. ಆಕೆ ಎ.ಸಿ. ಆರಿಸಿ, ಪರದೆ ಸರಿಸಿ, ಕಿಟಕಿಯ ಬೆಳಕಿನಲ್ಲೇ ಅರ್ಧ ಗಂಟೆ ಕೆಲಸ ಮಾಡಿದರೆ ಕೋಣೆಗೆ ಅರ್ಧ ಯೂನಿಟ್ ಉಳಿದೀತು. ವರ್ಷಕ್ಕೆ 2,250 ಯೂನಿಟ್. ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಒಂದು ಮನೆಗಿರುವ ಮಿತಿಯೇ ತಿಂಗಳಿಗೆ 200, ವರ್ಷಕ್ಕೆ 2,400.

ಇಷ್ಟೆಲ್ಲ ಒಬ್ಬಳ ಲೆಕ್ಕ. ಜಗತ್ತಿನಲ್ಲಿ ಪ್ರವಾಸೋದ್ಯಮ ನೇರವಾಗಿಯೂ ಪರೋಕ್ಷವಾಗಿಯೂ ಪೊರೆಯುವ ಉದ್ಯೋಗಗಳು ಸುಮಾರು 33 ಕೋಟಿ ಎನ್ನುತ್ತದೆ ವಿಶ್ವ ಪ್ರವಾಸ ಮತ್ತು ಪ್ರವಾಸೋದ್ಯಮ ಮಂಡಳಿಯ 2023ರ ಅಂದಾಜು. ಅಷ್ಟೂ ಜನ ದಿನಕ್ಕೆ ಒಂದೊಂದು ಫ್ಲಶ್ ಉಳಿಸಿದರೆಂದುಕೊಳ್ಳಿ. (ಅವರಲ್ಲಿ ಪೈಲಟ್ಟುಗಳೂ ಗೈಡುಗಳೂ ಇದ್ದಾರೆ, ಎಲ್ಲರೂ ಕಮೋಡು ತೊಳೆಯುವುದಿಲ್ಲ, ಲೆಕ್ಕದ ಖುಷಿಗಾಗಿ ತೊಳೆಯಲಿ.) ದಿನಕ್ಕೆ 198 ಕೋಟಿ ಲೀಟರ್! 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಇಡೀ ಬೆಂಗಳೂರಿಗೆ ಕಾವೇರಿಯಿಂದ ಬರುತ್ತಿದ್ದುದು ದಿನಕ್ಕೆ 145 ಕೋಟಿ ಲೀಟರ್. ಊರಿಗೆ ಬೀಳುತ್ತಿದ್ದ ಕೊರತೆ 50 ಕೋಟಿ. ಆಗ ಜಲಮಂಡಳಿ ಹೋಟೆಲು, ಮಾಲುಗಳ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಹಾಕಲೇಬೇಕೆಂದು ಆದೇಶಿಸಿತು. ನಲ್ಲಿಗೆ ಆದೇಶ ಹೊರಡಿಸಬಹುದು. ಫ್ಲಶ್ಶಿನ ಮೇಲಿನ ಬೆರಳಿಗೆ ಹೇಗೆ ಹೊರಡಿಸುವುದು?

ಉದ್ಯಮ ಇಷ್ಟು ದಿನ ಬೋಧಿಸಿದ್ದೆಲ್ಲ ಅತಿಥಿಗೆ. ಟವೆಲನ್ನು ಮತ್ತೆ ಬಳಸಿ ಎಂಬ ಬಚ್ಚಲಿನ ಚೀಟಿ ಎಲ್ಲರೂ ಕಂಡದ್ದೇ. ಸಂಶೋಧಕ ನೋವಾ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ಅಮೆರಿಕದ ಒಂದು ಹೋಟೆಲಿನ 190 ಕೋಣೆಗಳಲ್ಲಿ 80 ದಿನ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಪರಿಸರ ಉಳಿಸಿ ಎಂದಾಗ ಒಪ್ಪಿದವರು ಶೇ. 35; ಬಹುತೇಕ ಅತಿಥಿಗಳು ಹೀಗೇ ಮಾಡುತ್ತಾರೆ ಎಂದಾಗ ಶೇ. 44. ಈ ಶೇಕಡಾವಾರು ಬಹಳ ಪ್ರಸಿದ್ಧವಾಯಿತು. ಟವೆಲು ನೋಡಿ ಬರೆದುಕೊಂಡವರು ಮಾತ್ರ ಕೋಣೆ ಗುಡಿಸುವವರೇ. ಅತಿಥಿ ಮೊಳೆಗೆ ತೂಗುಹಾಕಿದ ಟವೆಲನ್ನು ಆಕೆ ಎಳೆದು ಗಾಡಿಗೆ ಹಾಕಿದರೆ ಶೇ. 44 ಸೊನ್ನೆಯಾಗುತ್ತದೆ. ಹಾಕದೆ ಬಿಟ್ಟರೆ ‘ಟವೆಲು ಬದಲಿಸಿಲ್ಲ’ ಎಂಬ ದೂರು ಬಂದು ಸೂಪರ್‌ವೈಸರ್ ಬೈಯಬಹುದು. ನೀರಿನ ಬಿಲ್ಲು ಆಕೆಗೆ ಕಾಣುವುದಿಲ್ಲ, ಬೈಗುಳ ಕೇಳಿಸುತ್ತದೆ. ಎಳೆದು ಹಾಕಿದರೆ ಯಾರ ತಪ್ಪು?

2018ರಲ್ಲಿ ಅಮೆರಿಕದ 8 ನಗರಗಳಲ್ಲಿ ಮ್ಯಾರಿಯಟ್ ಹೋಟೆಲುಗಳ ಸುಮಾರು 7,700 ನೌಕರರು ಮುಷ್ಕರ ಹೂಡಿದರು. ಅವರ ದೂರುಗಳಲ್ಲಿ ಒಂದು ‘ಹಸಿರು ಆಯ್ಕೆ’ಯದು: ಅತಿಥಿ ಕೋಣೆ ಗುಡಿಸುವುದು ಬೇಡ ಎಂದರೆ ಅವನಿಗೆ ಬಹುಮಾನದ ಅಂಕ, ಗುಡಿಸುವವರಿಗೆ ಪಾಳಿ ಕಡಿತ. ಅತಿಥಿ ಹೊರಟ ದಿನ ಹಲವು ದಿನಗಳ ಕೊಳೆ ಒಟ್ಟಿಗೆ. ಉಳಿತಾಯದ ಪಾಲು ಕೊಡದೆ ಉಳಿತಾಯ ಕೇಳುವುದು ಪರಿಸರಪ್ರೇಮವಲ್ಲ, ಜಿಪುಣತನ.

ಬಚ್ಚಲಿನಂತೆ ಅಡುಗೆಮನೆಯ ಸಂಖ್ಯೆಗಳೂ ದೊಡ್ಡವು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಹೋಟೆಲು, ಕ್ಯಾಂಟೀನು, ಕೇಟರಿಂಗ್‌ಗಳಿಂದ ತಿಪ್ಪೆಗೆ ಹೋದ ಆಹಾರ 29 ಕೋಟಿ ಟನ್. ಹತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ ದಿನಕ್ಕೆ 79,000 ಲಾರಿ. ಒಂದರ ಬಾಲಕ್ಕೊಂದು ನಿಲ್ಲಿಸಿದರೆ ಸಾಲು ಬೆಂಗಳೂರಿನಲ್ಲಿ ಶುರುವಾಗಿ ಬೀದರ್ ದಾಟುತ್ತದೆ. ಮರುದಿನ ಬೆಳಿಗ್ಗೆ ಅಷ್ಟೇ ಉದ್ದದ ಇನ್ನೊಂದು ಸಾಲು.

ಪೀಠೋಪಕರಣ ಮಾರುವ ಈಕಿಯಾ ಮಳಿಗೆಗಳಲ್ಲಿರುವ ಊಟದಂಗಡಿಗಳ ಅಡುಗೆಮನೆಗಳು 2017ರಿಂದ ಕಸದ ಡಬ್ಬಿಯಡಿ ತಕ್ಕಡಿ ಇಡತೊಡಗಿದವು. ಏನು ಎಸೆದೆ ಎಂದು ಅಡುಗೆಯವನೇ ಪರದೆಯ ಮೇಲೆ ಒತ್ತಬೇಕಿತ್ತು. ತೂಕವೂ ಬೆಲೆಯೂ ಅಲ್ಲೇ ಎದುರಿಗೆ ಮೂಡುತ್ತಿದ್ದವು. ಸುಮಾರು ನಾಲ್ಕು ವರ್ಷಗಳಲ್ಲಿ ಅಡುಗೆಮನೆಯ ವ್ಯರ್ಥ ಶೇ. 54ರಷ್ಟು ಇಳಿದು ಎರಡು ಕೋಟಿಗೂ ಹೆಚ್ಚು ಊಟ ಉಳಿಯಿತೆಂದು ಕಂಪನಿ ಹೇಳಿದೆ. ಕೋಣೆ ಗುಡಿಸುವವರ ಹಾಳೆ ಇವತ್ತಿಗೂ ಸಾಮಾನ್ಯವಾಗಿ ಕೇಳುವುದು ಎಷ್ಟು ಕೋಣೆ, ಎಷ್ಟು ನಿಮಿಷ ಎಂಬುದನ್ನೇ. ಲೀಟರಿಗೆ, ಯೂನಿಟ್ಟಿಗೆ ಅಲ್ಲಿ ಜಾಗ ಸಿಗುವುದು ಅಪರೂಪ.