ಕರ್ವಾಲೋ ಆದ ಮೇಲೆ ಏನು?

ಹುಡುಗನ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಹೆಲ್ಮೆಟ್. ಅಂಗಡಿಯೊಳಕ್ಕೆ ಬಂದವನು ಕಪಾಟುಗಳ ಕಡೆ ಕಣ್ಣು ಹಾಯಿಸಲೂ ಇಲ್ಲ, ಸೀದಾ ಗಲ್ಲಾದ ಹತ್ತಿರ ಹೋಗಿ, ‘ಸಾರ್, ಕರ್ವಾಲೋ ಓದಿ ಮುಗಿಸಿದೆ. ಇನ್ನೇನು ಓದ್ಲಿ?’ ಎಂದ. ಸ್ಕೂಲು ಬಿಟ್ಟ ಮೇಲೆ ಅವನು ಪೂರ್ತಿ ಓದಿದ ಮೊದಲ ಕನ್ನಡ ಪುಸ್ತಕವಂತೆ ಅದು.

ಅಂಗಡಿಯವರು ಯಾವ ಪುಸ್ತಕದ ಹೆಸರನ್ನೂ ಹೇಳಲಿಲ್ಲ. ‘ಅದ್ರಲ್ಲಿ ಯಾರು ಹಿಡಿಸಿದ್ರಪ್ಪಾ ನಿಂಗೆ?’ ಎಂದು ಕೇಳಿದರು.

ಹುಡುಗ ಕೊಂಚ ಯೋಚಿಸಿ, ‘ಮಂದಣ್ಣ’ ಎಂದ.

ಅವರು ಎದ್ದು ಹೋಗಿ ದೇವನೂರ ಮಹಾದೇವರ ‘ಒಡಲಾಳ’ ತಂದು ಅವನ ಕೈಗಿಟ್ಟರು. ತೆಳುವಾದ ಪುಸ್ತಕ. ‘ಸಾಕವ್ವ ಅಂತ ಒಬ್ಬರು ಅಜ್ಜಿ ಇದ್ದಾರೆ ಇದ್ರಲ್ಲಿ, ಕಳೆದುಹೋದ ಕೋಳಿ ಹುಡುಕ್ತಿರ್ತಾರೆ. ಭಾಷೆ ಮೊದಲ ನಾಕು ಪುಟ ಕಷ್ಟ ಅನ್ಸುತ್ತೆ. ಜೋರಾಗಿ ಓದ್ಕೊ, ತಾನಾಗೇ ಬಿಟ್ಕೊಳ್ಳುತ್ತೆ’ ಎಂದರು.

ಅವನು ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ: ಮಂದಣ್ಣನ ಬದಲು ಬೇರೆ ಹೆಸರು ಹೇಳಿದ್ದರೆ? ಅವರಲ್ಲಿ ಉತ್ತರ ಸಿದ್ಧವಿತ್ತು. ವಿಜ್ಞಾನಿ ಕರ್ವಾಲೋ ಅಂದಿದ್ದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಮೇಷ್ಟ್ರೊಬ್ಬರು ಸಸ್ಯಶಾಸ್ತ್ರದ ಹುಡುಗರನ್ನು ಕಟ್ಟಿಕೊಂಡು ಕಾಡು ಅಲೆಯುವ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಿರಿಯಾನಿ ಕರಿಯಪ್ಪ ಅಂದಿದ್ದರೆ ಹುಡುಗನಿಗೆ ಬೇಕಾದದ್ದು ನಗು, ಹಾಗಾಗಿ ಸ್ವಾಮಿಯವರದೇ ‘ಕಾಲೇಜು ರಂಗ’. ಹಾರುವ ಓತಿ ಅಂದಿದ್ದರೆ ಕೃಷ್ಣಾನಂದ ಕಾಮತರ ಯಾವುದಾದರೂ ಒಂದು, ಇಲ್ಲವೇ ನಾಗೇಶ ಹೆಗಡೆಯವರ ‘ಇರುವುದೊಂದೇ ಭೂಮಿ’.

ತೇಜಸ್ವಿಯವರ ‘ಕರ್ವಾಲೋ’ ಬಂದದ್ದು 1980ರಲ್ಲಿ. ಕನ್ನಡ ಓದಲು ಶುರುಮಾಡುವವರಿಗೆ ಎಲ್ಲರೂ ಅದನ್ನೇ ಹೇಳುತ್ತಾರೆ, ನಾನೂ ಹೇಳುತ್ತೇನೆ. ಮೊದಲ ಪುಸ್ತಕ ಹೇಳುವುದಕ್ಕೆ ಅಂಗಡಿಯವರೇ ಬೇಕಾಗಿಲ್ಲ. ಕರ್ವಾಲೋ, ಪರ್ವ, ಮೂಕಜ್ಜಿಯ ಕನಸುಗಳು, ಇವು ನಾಡಿಗೆಲ್ಲ ಗೊತ್ತು. ಎರಡನೆಯದನ್ನು, ನಾಲ್ಕನೆಯದನ್ನು ಹೇಳುವವರು ಯಾರು? ನಿನ್ನೆ ಮೊನ್ನೆ ಅಚ್ಚಾದ ಹೊಸಬರ ಕಾದಂಬರಿಯನ್ನು ನಂಬಿ ಕೈಗೆ ಕೊಡುವವರು ಯಾರು? ಆ ಕೆಲಸ ಗೊತ್ತಿರುವ ಮನುಷ್ಯ ಪ್ರತಿ ಬಡಾವಣೆಗೂ ಒಬ್ಬರು ಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆ ನಂಬಿಕೆ ಬಂದದ್ದು ಕುರುಬರಹಳ್ಳಿಯ ಒಂದು ಮಳಿಗೆಯಿಂದ.

ಅದು ಪುಸ್ತಕ ಮಾರುವ ಅಂಗಡಿಯಾಗಿರಲಿಲ್ಲ, ಬಾಡಿಗೆಗೆ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿ. ನಾನು ಪ್ರೈಮರಿ ಸ್ಕೂಲಿನಲ್ಲಿದ್ದ ಕಾಲ. ನಮ್ಮ ಸುತ್ತ ರಾಜಾಜಿನಗರದ ಕೈಗಾರಿಕಾ ಎಸ್ಟೇಟಿಗೆ, ಮಿಲ್ಲುಗಳಿಗೆ, ಎಚ್‌ಎಂಟಿಗೆ ಶಿಫ್ಟಿನ ಮೇಲೆ ಹೋಗುವವರ ಮನೆಗಳು. ಗಂಡಸರು ಕೆಲಸಕ್ಕೆ ಹೋಗಿ, ಮಕ್ಕಳು ಸ್ಕೂಲಿಗೆ ಹೋಗಿ, ಮಧ್ಯಾಹ್ನ ಊಟದ ತಟ್ಟೆ ತೊಳೆದಿಟ್ಟ ಮೇಲೆ ಹೆಂಗಸರಿಗೆ ಸಿಗುತ್ತಿದ್ದ ಎರಡು ಗಂಟೆಯಲ್ಲಿ ಕನ್ನಡ ಕಾದಂಬರಿ ಬದುಕಿತ್ತು. ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ. ‘ಸುಧಾ’ದಲ್ಲಿ, ‘ತರಂಗ’ದಲ್ಲಿ ಧಾರಾವಾಹಿಯಾಗಿ ಬಂದದ್ದು ಪುಸ್ತಕವಾದಾಗ ಮತ್ತೆ ಒಂದು ಸಲ. ರಟ್ಟಿಗೆ ಕಂದು ಕಾಗದ ಅಂಟಿಸಿ, ಬೆನ್ನ ಮೇಲೆ ನಂಬರು ಬರೆದ ಪುಸ್ತಕಗಳು. ಅಮ್ಮನ ಜೊತೆ ಚೀಲ ಹಿಡಿದು ಹೋಗುವುದು ನನ್ನ ಕೆಲಸ.

ಆ ಮಳಿಗೆಯ ಯಜಮಾನರ ಬಳಿ ಉದ್ದನೆಯ ಲೆಕ್ಕದ ಪುಸ್ತಕವಿತ್ತು, ಒಬ್ಬೊಬ್ಬರಿಗೂ ಒಂದೊಂದು ಪುಟ. ಅಮ್ಮ ಯಾವುದಾದರೂ ಪುಸ್ತಕ ಎತ್ತಿಕೊಂಡರೆ ಕೆಲವೊಮ್ಮೆ ಅವರು ಸುಮ್ಮನೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ‘ಅಕ್ಕಾವ್ರೇ, ಇದು ಬೇಡ. ಇದು ತಗೊಂಡ್ಹೋಗಿ’ ಎಂದು ಬೇರೆಯದನ್ನು ಕೊಡುತ್ತಿದ್ದರು. ಕಾರಣ ಹೇಳುತ್ತಿರಲಿಲ್ಲ. ಅಮ್ಮನೂ ಕೇಳುತ್ತಿರಲಿಲ್ಲ. ನಾನು ಹುಟ್ಟುವ ಮೊದಲು ನಮ್ಮ ಮನೆಯಲ್ಲಿ ಒಂದು ಮಗು ತೀರಿಕೊಂಡಿತ್ತು. ಅದು ಅವರಿಗೆ ಹೇಗೋ ಗೊತ್ತಿತ್ತು. ಅಷ್ಟು ವರ್ಷಗಳಲ್ಲಿ ಮಗು ಸಾಯುವ ಒಂದು ಕಾದಂಬರಿಯೂ ಆ ಮಳಿಗೆಯಿಂದ ನಮ್ಮ ಮನೆಗೆ ಬರಲಿಲ್ಲ. ಅಮ್ಮ ಇದನ್ನು ನನಗೆ ಹೇಳಿದ್ದು ಆ ಮಳಿಗೆ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ. ಹಾಗೆ ಕೊಡಬೇಕಾದರೆ ಆ ಮನುಷ್ಯ ಕಪಾಟಿನಲ್ಲಿದ್ದ ಒಂದೊಂದು ಪುಸ್ತಕವನ್ನೂ ಕೊನೆಯ ಪುಟದ ತನಕ ಓದಿರಬೇಕು.

ಕನ್ನಡದಲ್ಲಿ ಪುಸ್ತಕ ಮಾರುವುದು ಹಿಂದೆಯೂ ಹೀಗೇ ನಡೆದಿದೆ, ಮನೆಬಾಗಿಲಿನಲ್ಲಿ. ಹಾವೇರಿಯ ಕಡೆಯ ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಬೆಂಗಳೂರಿನಲ್ಲಿ ಜಿ.ಪಿ. ರಾಜರತ್ನಂ ತಮ್ಮನ್ನು ಸಾಹಿತ್ಯ ಪರಿಚಾರಕ ಎಂದು ಕರೆದುಕೊಂಡು, ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ ಪುಸ್ತಕಗಳನ್ನು, ಅದರಲ್ಲೂ ಎಳೆಯ ಬರಹಗಾರರದನ್ನು, ಸಭೆ ಸಮಾರಂಭಗಳಿಗೆ ಹೊತ್ತುಕೊಂಡು ಹೋಗಿ ಮಾರುತ್ತಿದ್ದರು. ಬರೆದವರೇ ಮಾರಬೇಕಾಯಿತಲ್ಲ ಎಂದು ಇವನ್ನು ನಾವು ಕಷ್ಟದ ಕಥೆಗಳಾಗಿ ಹೇಳಿಕೊಳ್ಳುತ್ತೇವೆ. ಕಷ್ಟ ಇದ್ದದ್ದು ನಿಜ. ಆದರೆ ಹೊಸ್ತಿಲಲ್ಲಿ ನಿಂತು ‘ಇದು ನಿಮಗೆ ಹಿಡಿಸುತ್ತೆ’ ಎಂದು ಹೇಳಿದವರಿಂದಲೇ ಈ ಭಾಷೆಗೆ ಓದುಗರು ಹುಟ್ಟಿದರು ಎಂಬುದನ್ನೂ ಸೇರಿಸಿ ಹೇಳಬೇಕು.

ಧಾರವಾಡದ ಮನೋಹರ ಗ್ರಂಥಮಾಲೆಯದು ಇನ್ನೊಂದು ದಾರಿ. 1933ರಲ್ಲಿ ಜಿ.ಬಿ. ಜೋಶಿ ಅದನ್ನು ಕಟ್ಟಿದಾಗ ನೆಚ್ಚಿಕೊಂಡದ್ದು ಚಂದಾದಾರರನ್ನು. ವರ್ಷಕ್ಕಿಷ್ಟು ಹಣ ಕೊಟ್ಟರೆ ಆ ವರ್ಷದ ಪುಸ್ತಕಗಳು ಮನೆಗೆ ಬರುತ್ತವೆ. ಯಾವ ಪುಸ್ತಕ, ಯಾರು ಬರೆದದ್ದು ಎಂಬುದು ಗ್ರಂಥಮಾಲೆಗೆ ಬಿಟ್ಟದ್ದು. ಹೆಸರೇ ಕೇಳದ ಲೇಖಕನಿಗೂ ಓದುಗರು ಮುಂಗಡವಾಗಿ ಹಣ ಕಟ್ಟಿದ ಹಾಗಾಯಿತು. 1961ರಲ್ಲಿ ಗಿರೀಶ ಕಾರ್ನಾಡ ಎಂಬ ಇಪ್ಪತ್ತಮೂರರ ಹುಡುಗನ ‘ಯಯಾತಿ’ ಬಂದದ್ದು ಅಲ್ಲಿಂದಲೇ. ‘ನೀವು ಒಳ್ಳೆಯದು ಅಂದರೆ ನಾನು ಓದುತ್ತೇನೆ’ ಎಂಬ ನಂಬಿಕೆಯ ಮೇಲೆ ಸುಭಾಷ ರಸ್ತೆಯ ಆ ಅಟ್ಟ ನಿಂತಿತು.

ಈ ನಂಬಿಕೆ ಈಗ ಯಾಕೆ ಇನ್ನೂ ಹೆಚ್ಚು ಬೇಕು ಎನ್ನುವುದಕ್ಕೆ ಸ್ವಲ್ಪ ಲೆಕ್ಕ ಹೇಳಬೇಕು. ಹೊಸ ಲೇಖಕರ ಕನ್ನಡ ಪುಸ್ತಕ ಸಾಮಾನ್ಯವಾಗಿ 500ರಿಂದ 1000 ಪ್ರತಿ ಅಚ್ಚಾಗುತ್ತದೆ. ಜಾಹೀರಾತಿಗೆ ಹಣವಿರುವುದಿಲ್ಲ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದರೆ 300 ಪ್ರತಿ ಹೋದವು, ಪ್ರಕಾಶಕರು ಉಸಿರಾಡಬಹುದು. ಅದರಿಂದ ಎಷ್ಟೋ ಪುಸ್ತಕಗಳು ಅಚ್ಚಿನ ಮುಖ ಕಂಡಿವೆ, ಅದನ್ನು ಅಲ್ಲಗಳೆಯಲಾರೆ. ಆದರೆ ಇಲಾಖೆಯನ್ನೇ ನೆಚ್ಚಿ ಅಚ್ಚಾದ ಪುಸ್ತಕ ಅಂಗಡಿಯ ಮೇಜಿಗೆ ಬರುವುದೇ ಇಲ್ಲ. ಓದುಗನ ಮುಖವನ್ನೇ ನೋಡದೆ ಅದು ಬೀರುವಿನೊಳಗೆ ಸೇರಿಬಿಡುತ್ತದೆ. ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿ ಬಂದಾಗ ಜನ ಚೀಲಗಟ್ಟಲೆ ಕೊಳ್ಳುತ್ತಾರೆ, ಅದು ಸಂತೋಷವೇ. ರಿಯಾಯಿತಿಯಲ್ಲಿ ಮಾತ್ರ ಜನ ಗೊತ್ತಿರುವ ಹೆಸರನ್ನೇ ಹುಡುಕುತ್ತಾರೆ. ಹೊಸ ಹೆಸರು ದಾಟಿ ಹೋಗಬೇಕಾದರೆ ಮನುಷ್ಯನೊಬ್ಬನ ಮಾತು ಬೇಕು, ಜೂನ್ ತಿಂಗಳ ಮಳೆಯ ಸಂಜೆಯಲ್ಲೂ ಬೇಕು.

2025ರ ಮೇ 20ರ ರಾತ್ರಿ ಲಂಡನ್ನಿನಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಈ ಮಾತಿನ ಬೆಲೆ ನನಗೆ ಕಣ್ಣಾರೆ ಕಂಡಿತು. ‘ಬೂಕರ್ ಬಂದಿರೋ ಪುಸ್ತಕ ಕನ್ನಡದಲ್ಲೇ ಕೊಡಿ’ ಎಂದು ಕೇಳಿಕೊಂಡು ಬಂದವರು ಎಷ್ಟೋ ಮಂದಿ, ಅವರಲ್ಲಿ ನಮ್ಮ ರಸ್ತೆಯವರೇ ಇಬ್ಬರು. ಕೊಡುವುದು ಹೇಗೆ? ‘ಹಾರ್ಟ್ ಲ್ಯಾಂಪ್’ ಎಂಬ ಇಂಗ್ಲಿಷ್ ಸಂಕಲನದಲ್ಲಿರುವ 12 ಕಥೆಗಳು 1990ರಿಂದ 2023ರವರೆಗೆ ಬರೆದವುಗಳಿಂದ ಆಯ್ದವು. ಕನ್ನಡದಲ್ಲಿ ಅವು ಬೇರೆ ಬೇರೆ ಸಂಕಲನಗಳಲ್ಲಿ ಹರಡಿಕೊಂಡಿವೆ. ‘ಎದೆಯ ಹಣತೆ’ ಇದೆ, ‘ಹಸೀನಾ ಮತ್ತು ಇತರ ಕತೆಗಳು’ ಇದೆ, ‘ಬೆಂಕಿ ಮಳೆ’ ಇದೆ. ಯಾವುದರಿಂದ ಶುರುಮಾಡಬೇಕು ಎಂದು ಕೂರಿಸಿ ಹೇಳುವವರಿದ್ದ ಅಂಗಡಿಯಿಂದ ಜನ ಕನ್ನಡ ಪುಸ್ತಕ ಹಿಡಿದು ಹೊರಬಂದರು. ಆ ಇಬ್ಬರಲ್ಲಿ ಒಬ್ಬರು ಆಮೇಲೆ ಸಾರಾ ಅಬೂಬಕ್ಕರರ ‘ಚಂದ್ರಗಿರಿಯ ತೀರದಲ್ಲಿ’ ಓದಿದರು. ಅದೂ ಅಂಗಡಿಯವರು ಹೇಳಿದ್ದೇ.

ಒಳ್ಳೆಯ ಅಂಗಡಿಯವರು ತಮ್ಮ ಒಪ್ಪಿಗೆಯ ಪುಸ್ತಕವನ್ನು ಮಾತ್ರ ಮಾರುವುದಿಲ್ಲ ಎಂಬುದನ್ನೂ ನಾನು ಅವರಿಂದಲೇ ಕಲಿತೆ. 2007ರಲ್ಲಿ ಭೈರಪ್ಪನವರ ‘ಆವರಣ’ ಮುದ್ರಣದ ಮೇಲೆ ಮುದ್ರಣ ಕಂಡಿತು. 2022ರಲ್ಲಿ ದೇವನೂರರ ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’ ಎಂಬ ಪುಟ್ಟ ಪುಸ್ತಕವನ್ನು ನಾಡಿನ ಹಲವು ಪ್ರಕಾಶಕರು ಏಕಕಾಲಕ್ಕೆ ಅಚ್ಚುಹಾಕಿದರು. ಎರಡೂ ಒಂದೇ ಮೇಜಿನ ಮೇಲಿದ್ದ ಅಂಗಡಿಗಳಲ್ಲಿ ನಿಂತು ನಾನು ಕೊಂಡಿದ್ದೇನೆ. ಒಂದನ್ನು ಕೊಳ್ಳಲು ಬಂದವರು ಇನ್ನೊಂದನ್ನು ಕೈಗೆತ್ತಿಕೊಂಡು ಎರಡು ಪುಟ ತಿರುಗಿಸುವುದು ಅಂಥ ಕಡೆ ಮಾತ್ರ ಸಾಧ್ಯ. ಫೋನಿನ ಪರದೆ ನಮಗೆ ಒಪ್ಪಿಗೆಯಾದದ್ದನ್ನೇ ಮತ್ತೆ ಮತ್ತೆ ತೋರಿಸುತ್ತದೆ.

ಚರ್ಚ್ ಸ್ಟ್ರೀಟಿನ ಪ್ರೀಮಿಯರ್ ಬುಕ್‌ಶಾಪ್ ನಡೆಸಿದ ಕುಂದಾಪುರದ ಕಡೆಯ ಟಿ.ಎಸ್. ಶಾನಭಾಗರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. 1971ರಿಂದ 2009ರವರೆಗೆ ಆ ಇಕ್ಕಟ್ಟಾದ ಜಾಗದಲ್ಲಿ, ಸೂರು ಮುಟ್ಟುವ ರಾಶಿಗಳ ನಡುವೆ, ಯಾವ ಗಿರಾಕಿಗೆ ಯಾವ ರಾಶಿಯ ಯಾವ ಪುಸ್ತಕ ಎಂಬುದು ಅವರ ತಲೆಯಲ್ಲೇ ಇತ್ತು. 2021ರ ಮೇ ತಿಂಗಳಲ್ಲಿ ಕೋವಿಡ್ ಅವರನ್ನು ಒಯ್ದಾಗ ಊರಿನ ಲೇಖಕರು, ವಿದ್ವಾಂಸರು ಮನೆಯವರೊಬ್ಬರು ಹೋದಂತೆ ಬರೆದರು. ಅಲ್ಲಿದ್ದದ್ದು ಹೆಚ್ಚಾಗಿ ಇಂಗ್ಲಿಷ್ ಪುಸ್ತಕ, ಬಂದವರು ಹೆಚ್ಚಾಗಿ ಇಂಗ್ಲಿಷ್ ಓದುಗರು. ಆದರೆ ಅವರಿಗಿದ್ದ ನೆನಪು ನಮ್ಮ ಲೈಬ್ರರಿಯವರ ಲೆಕ್ಕದ ಪುಸ್ತಕದ ಜಾತಿಯದೇ.

ಜಪಾನಿನಲ್ಲಿ ಪುಸ್ತಕದಂಗಡಿಯ ನೌಕರರೇ ಮತ ಹಾಕಿ ಕೊಡುವ ಪ್ರಶಸ್ತಿಯೊಂದಿದೆ, ಹೊನ್ಯಾ ತೈಶೊ. 2004ರಲ್ಲಿ ಶುರುವಾಯಿತು. ಗಲ್ಲಾದ ಹಿಂದೆ ನಿಂತವರು ತಾವು ಎಲ್ಲಕ್ಕಿಂತ ಹೆಚ್ಚು ಮಾರಬೇಕೆಂದಿರುವ ಕಾದಂಬರಿಯನ್ನು ಆರಿಸುತ್ತಾರೆ. ಮೊದಲ ಸಲ ಅವರು ಆರಿಸಿದ್ದು ಯೋಕೊ ಒಗಾವಾ ಬರೆದ, ನೆನಪು ನಿಲ್ಲದ ಗಣಿತದ ಪ್ರಾಧ್ಯಾಪಕನೊಬ್ಬನ, ಅವನ ಮನೆಗೆಲಸದ ಹೆಂಗಸಿನ ಕಥೆಯನ್ನು. ನಮ್ಮ ಪ್ರಶಸ್ತಿ ಸಮಿತಿಗಳಲ್ಲಿ ವಿಮರ್ಶಕರನ್ನು, ಪ್ರಾಧ್ಯಾಪಕರನ್ನು ಕಂಡಿದ್ದೇನೆ. ಪುಸ್ತಕ ಮಾರುವವರೊಬ್ಬರನ್ನು ಕೂರಿಸಿಕೊಂಡದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಕೂರಿಸಿಕೊಳ್ಳಬೇಕು. ಯಾವ ಪುಸ್ತಕವನ್ನು ಓದುಗ ಮೂವತ್ತನೇ ಪುಟಕ್ಕೆ ಬಿಟ್ಟ, ಯಾವುದನ್ನು ಸ್ನೇಹಿತರಿಗೆಂದು ಮತ್ತೆ ಎರಡು ಕೊಂಡ ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ನಮ್ಮ ಪಶ್ಚಿಮದ ಬಡಾವಣೆಗಳಲ್ಲಿ ಕನ್ನಡ ಓದುವವರಿಗೆ ಬರವಿಲ್ಲ. ಮೆಟ್ರೊದ ಒಂದು ನಿಲ್ದಾಣಕ್ಕೆ ಕುವೆಂಪು ರಸ್ತೆಯ ಹೆಸರೇ ಇದೆ. ಆದರೂ ಕುರುಬರಹಳ್ಳಿಯಲ್ಲಿ ಸಂಜೆ ಹೊತ್ತು ಕಾದಂಬರಿ ಬೇಕೆಂದರೆ ಬಸ್ಸೋ ಬೈಕೋ ಹತ್ತಬೇಕು. ರಾಜಾಜಿನಗರ 3ನೇ ಬ್ಲಾಕಿನಲ್ಲಿ ಆಕೃತಿ ಪುಸ್ತಕ ಮಳಿಗೆ ಇದೆ. ಲೇಖಕರನ್ನು ಕರೆಸಿ ಓದುಗರ ಎದುರು ಮಾತಾಡಿಸುವ ಅಂಗಡಿ ಇಷ್ಟು ಹತ್ತಿರ ಇರುವುದು ನಮ್ಮ ಭಾಗ್ಯ. ಇನ್ನು ದೂರದ ಗಾಂಧಿ ಬಜಾರಿಗೆ ಹೋದರೆ ಅಂಕಿತ ಪುಸ್ತಕ. ಪುಸ್ತಕದ ಬೆಲೆಯಲ್ಲಿ ಮಾರುವವರ ಪಾಲು ಮೂರನೇ ಒಂದು ಭಾಗದ ಆಸುಪಾಸು. ಬಾಡಿಗೆ, ಕರೆಂಟು, ಹುಡುಗರ ಸಂಬಳ ಎಲ್ಲ ಅದರಲ್ಲೇ ಆಗಬೇಕು. ಅಷ್ಟರ ನಡುವೆಯೂ ಹೊಸ ಪುಸ್ತಕವನ್ನು ಮನೆಗೆ ಒಯ್ದು ರಾತ್ರಿ ಓದಿ ಬರುವವರಿಗೆ ನಾನು ಕೈ ಮುಗಿಯುತ್ತೇನೆ.

ನನಗೆ ‘ಪರ್ವ’ದ ಗುಂಗು ಬಿಡದಿದ್ದಾಗ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಕೊಟ್ಟವರು, ಅದು ಮುಗಿದಾಗ ‘ಗೋವಾ ಇನ್ನೂ ತಲೇಲಿದ್ರೆ ಇದು ಓದಿ’ ಎಂದು ಗೋಪಾಲಕೃಷ್ಣ ಪೈಗಳ ‘ಸ್ವಪ್ನ ಸಾರಸ್ವತ’ ಕೊಟ್ಟವರು, ಆ ‘ಒಡಲಾಳ’ದ ಅಂಗಡಿಯವರೇ. ಸಣ್ಣ ಮನೆ ಬಿಟ್ಟು ದೊಡ್ಡ ಮನೆಗೆ ಹೋದ ನಮ್ಮ ನೆಂಟರೊಬ್ಬರ ಮಾತು ಬಂದಾಗ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಸುತ್ತಿ ಕೊಟ್ಟರು. ಆ ನೆಂಟರು ಒಂದೇ ರಾತ್ರಿ ಓದಿ, ಮೂರು ದಿನ ಅದರ ಬಗ್ಗೆ ಮಾತೇ ಆಡಲಿಲ್ಲ.

ಕಳೆದ ತಿಂಗಳು ಅಮ್ಮನಿಗೆಂದು ಒಂದು ಹೊಸ ಕಾದಂಬರಿ ಕೇಳಿದೆ. ಎಪ್ಪತ್ತು ದಾಟಿದೆ, ಅಕ್ಷರ ದಪ್ಪ ಇರಬೇಕು ಎಂದಷ್ಟೇ ಹೇಳಿದ್ದೆ. ಅವರು ಕೊಟ್ಟದ್ದನ್ನು ಅಮ್ಮ ಅರ್ಧ ಓದಿ, ಗುರುತಿಗೆ ಇಟ್ಟಿದ್ದ ಹೂವಿನ ನಾರನ್ನು ತೆಗೆದು, ಮಡಿಚಿಟ್ಟಳು. ‘ವಾಪಸ್ ಕೊಟ್ಬಿಡು ಮಗಾ’ ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಆ ರಾತ್ರಿ ಕೂತು ನಾನೇ ಓದಿದೆ. ನೂರಾ ಹದಿನೆಂಟನೇ ಪುಟದಲ್ಲಿ ಗೊತ್ತಾಯಿತು.

ಮರುದಿನ ಸಂಕೋಚದಿಂದಲೇ ಅಂಗಡಿಗೆ ಹೋದೆ. ಓದಿದ ಪುಸ್ತಕ, ವಾಪಸ್ ತಗೊಳ್ಳಿ ಎನ್ನುವುದು ಹೇಗೆ? ಎರಡು ಮಾತಿನಲ್ಲಿ ವಿಷಯ ಹೇಳಿದೆ. ಅವರು ಪುಸ್ತಕ ಇಸಕೊಂಡರು, ಬೆಲೆಯ ಮಾತೇ ಎತ್ತಲಿಲ್ಲ. ‘ಛೆ, ನಾನು ಕೇಳ್ಬೇಕಿತ್ತು’ ಎಂದು ಮೆಲ್ಲಗೆ ಅಂದರು. ಗಲ್ಲಾದ ಬದಿಯಲ್ಲಿದ್ದ ಡೈರಿ ತೆಗೆದು, ನನ್ನ ಹೆಸರಿನ ಕೆಳಗೆ ‘ಅಮ್ಮ’ ಎಂದು ಬರೆದು, ಪಕ್ಕದಲ್ಲಿ ಏನೋ ಗುರುತು ಹಾಕಿಕೊಂಡರು. ಆಮೇಲೆ ಎದ್ದು ಒಳಗಿನ ಕಪಾಟಿನ ಕಡೆ ಹೋದರು.